ಪುಟ್ಟ ವಿಮಾನದ ವಿದ್ಯುತ್ತು

ರಾತ್ರಿಯ ಹೊತ್ತು ಮನೆಯ ದೀಪ ಆರಿಹೋದರೆ ನಾವು ಮೊದಲು ಮಾಡುವ ಕೆಲಸ, ಕಿಟಕಿಯ ಬಳಿ ಹೋಗಿ ಎದುರು ಮನೆಯತ್ತ ನೋಡುವುದು. ಅಲ್ಲಿಯೂ ಕತ್ತಲೆಯಿದ್ದರೆ ಮನಸ್ಸಿಗೆ ಒಂದು ಬಗೆಯ ಸಮಾಧಾನ. ಮೇಣದ ಬತ್ತಿಯನ್ನು ಹುಡುಕಿ ಹಚ್ಚಿ, ಕರೆಂಟು ಬರುವವರೆಗೆ ಕಾಯುತ್ತ ಕುಳಿತರಾಯಿತು. ಭೂಮಿಯ ಮೇಲೆ ವಿದ್ಯುತ್ತು ಹೋಗುವುದೆಂದರೆ ಬಹುಮಟ್ಟಿಗೆ ಕಾಯುವ ಪ್ರಶ್ನೆ. ಆದರೆ ಐದು ಸಾವಿರ ಅಡಿ ಎತ್ತರದಲ್ಲಿ, ಇಬ್ಬರೋ ನಾಲ್ವರೋ ಕುಳಿತಿರುವ ಪುಟ್ಟ ವಿಮಾನವೊಂದರಲ್ಲಿ ವಿದ್ಯುತ್ತು ಹೋದರೆ? ಅಲ್ಲಿ ನೋಡಲು ಎದುರು ಮನೆಯಿಲ್ಲ. ನಿಂತು ಕಾಯಲು ಜಾಗವೂ ಇಲ್ಲ.

ಹೀಗೆ ಕೇಳಿದೊಡನೆ ಹೆಚ್ಚಿನವರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಎಂಜಿನು ನಿಲ್ಲುತ್ತದೆ, ವಿಮಾನ ಬೀಳುತ್ತದೆ. ನಿಜಸ್ಥಿತಿ ಹಾಗಿಲ್ಲ. ಸಾಮಾನ್ಯವಾದ ಹಗುರ ವಿಮಾನದಲ್ಲಿ ಬ್ಯಾಟರಿ ಸತ್ತರೂ, ದೀಪಗಳೆಲ್ಲ ಆರಿದರೂ, ರೇಡಿಯೊ ಮೂಕವಾದರೂ ಎಂಜಿನು ಏನೂ ಆಗದ ಹಾಗೆ ತಿರುಗುತ್ತಲೇ ಇರುತ್ತದೆ. ಇದು ಆಕಸ್ಮಿಕವಾಗಿ ಒದಗಿದ ಭಾಗ್ಯವಲ್ಲ. ವಿಮಾನವನ್ನು ಕಟ್ಟುವವರು ಬೇಕೆಂದೇ ಮಾಡಿಕೊಂಡ ಏರ್ಪಾಡು. ವಿದ್ಯುತ್ತು ಎಂದೂ ಕೆಡದಂತೆ ಮಾಡಲು ಯಾರಿಂದಲೂ ಆಗದು. ಕೆಟ್ಟಾಗ ಆ ಕೇಡು ಚಿಕ್ಕದಾಗಿಯೇ ಉಳಿಯಬೇಕು, ಬೇಗನೆ ಕಣ್ಣಿಗೆ ಬೀಳಬೇಕು, ಇಳಿಯುವಷ್ಟು ಕಾಲವನ್ನು ಬಿಟ್ಟುಕೊಡಬೇಕು. ಪುಟ್ಟ ವಿಮಾನದ ವಿದ್ಯುತ್ ಸುರಕ್ಷತೆಯ ಸಾರವೆಲ್ಲ ಈ ಮೂರು ಮಾತುಗಳಲ್ಲಿದೆ. ಒಂದೊಂದನ್ನೇ ನೋಡೋಣ.

1903ರ ಡಿಸೆಂಬರ್ 17ರಂದು ರೈಟ್ ಸೋದರರು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳ ದಿಬ್ಬಗಳಲ್ಲಿ ಹಾರಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಅಷ್ಟಾಗಿ ಪ್ರಸಿದ್ಧವಲ್ಲದ ಒಂದು ವಿವರವಿದೆ. ಅವರ ಎಂಜಿನನ್ನು ಚಾಲೂ ಮಾಡಲು ಒಣ ಬ್ಯಾಟರಿಗಳ ಒಂದು ಪೆಟ್ಟಿಗೆ ಬೇಕಾಗಿತ್ತು. ಎಂಜಿನು ಓಡತೊಡಗಿದ ಮೇಲೆ ಆ ಪೆಟ್ಟಿಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ವಿಮಾನ ಮೇಲೇರಿದಾಗ ಬ್ಯಾಟರಿ ನೆಲದ ಮೇಲೆಯೇ ಉಳಿದಿತ್ತು. ಹಾಗಾದರೆ ಇಂಧನವನ್ನು ಹೊತ್ತಿಸುವ ಕಿಡಿ ಎಲ್ಲಿಂದ ಬಂತು? ಎಂಜಿನು ತಾನೇ ತಿರುಗಿಸುತ್ತಿದ್ದ ಮ್ಯಾಗ್ನೆಟೊ ಎಂಬ ಸಾಧನದಿಂದ. ಭಾರವನ್ನು ಉಳಿಸುವುದಕ್ಕಾಗಿ ಮಾಡಿದ ಉಪಾಯವಾದರೂ ಅದರಲ್ಲಿ ಒಂದು ತತ್ತ್ವ ಅಡಗಿತ್ತು. ಎಂಜಿನು ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುವುದಾದರೆ ಅದು ಇನ್ನಾರ ಹಂಗಿನಲ್ಲೂ ಇರಬೇಕಾಗಿಲ್ಲ.

ಮ್ಯಾಗ್ನೆಟೊ ಎಂದರೆ, ಹೆಸರೇ ಹೇಳುವಂತೆ, ಒಂದು ಶಾಶ್ವತ ಅಯಸ್ಕಾಂತ. ಎಂಜಿನಿನ ಹಲ್ಲುಚಕ್ರಗಳು ಅದನ್ನು ತಂತಿಸುರುಳಿಯ ಸಮೀಪದಲ್ಲಿ ತಿರುಗಿಸುತ್ತವೆ. ಸುರುಳಿಯಲ್ಲಿ ಪ್ರವಾಹ ಹುಟ್ಟುತ್ತದೆ. ತಕ್ಕ ಕ್ಷಣದಲ್ಲಿ ಆ ಪ್ರವಾಹವನ್ನು ತಟ್ಟನೆ ಕಡಿದಾಗ, ಸಾವಿರಾರು ಸುತ್ತುಗಳಿರುವ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡವೇಳುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿಯ ಸುಳಿವೇ ಇಲ್ಲ. 1955ರಲ್ಲಿ ಮೊದಲು ಹಾರಿದ, ಜಗತ್ತಿನಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸೆಸ್ನಾ 172 ವಿಮಾನವಿರಲಿ, ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ 1958ರಲ್ಲಿ ಹಾರಿಸಿದ ಪುಷ್ಪಕ್ ಇರಲಿ, ಇಂಥ ಎಂಜಿನುಗಳಲ್ಲಿ ಒಂದಲ್ಲ, ಎರಡು ಮ್ಯಾಗ್ನೆಟೊಗಳಿರುತ್ತವೆ. ಪ್ರತಿಯೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳು. ಒಂದು ಮ್ಯಾಗ್ನೆಟೊ ಕೆಟ್ಟರೂ ಇನ್ನೊಂದು ಎಂಜಿನನ್ನು ನಡೆಸಿಕೊಂಡು ಹೋಗುತ್ತದೆ. ಶಕ್ತಿ ಕೊಂಚ ಕುಗ್ಗುತ್ತದೆ, ಅಷ್ಟೆ.

ಈ ಸ್ವಾವಲಂಬನೆಗೆ ತೆರಬೇಕಾದ ಬೆಲೆಯೂ ಇದೆ. ಮನೆಯ ದೀಪವನ್ನು ಆರಿಸುವಾಗ ನಾವು ತಂತಿಯ ಹಾದಿಯನ್ನು ಕಡಿಯುತ್ತೇವೆ. ಮ್ಯಾಗ್ನೆಟೊವನ್ನು ಆರಿಸುವ ಬಗೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಸ್ವಿಚ್ಚು ಒಂದು ತಂತಿಯ ಮೂಲಕ ಸುರುಳಿಯನ್ನು ವಿಮಾನದ ಒಡಲಿಗೆ ಕೂಡಿಸುತ್ತದೆ. ಪ್ರವಾಹ ಅಲ್ಲಿಗೆ ಹರಿದುಹೋಗಿ ಕಿಡಿ ಹುಟ್ಟುವುದಿಲ್ಲ. ಆ ತಂತಿಯೇ ತುಂಡಾಗಿದ್ದರೆ? ಸ್ವಿಚ್ಚು ‘ಆಫ್’ ಎಂದು ಹೇಳುತ್ತಿರುತ್ತದೆ, ಮ್ಯಾಗ್ನೆಟೊ ಮಾತ್ರ ಜೀವಂತವಾಗಿರುತ್ತದೆ. ನಿಂತ ವಿಮಾನದ ಪ್ರೊಪೆಲರನ್ನು ಯಾರಾದರೂ ಕೈಯಿಂದ ಕೊಂಚ ತಿರುಗಿಸಿದರೆ, ಸಿಲಿಂಡರಿನಲ್ಲಿ ಉಳಿದ ಇಂಧನ ಹೊತ್ತಿಕೊಂಡು ಅಲಗು ಕತ್ತಿಯಂತೆ ಬೀಸಬಹುದು. ಹಿಂದೆ ಟೈಗರ್ ಮಾತ್ ವಿಮಾನಗಳ ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಿ ಎಂಜಿನು ಹಚ್ಚುತ್ತಿದ್ದ ಕಾಲದಲ್ಲಿ, ನೆಲದ ಮೇಲಿದ್ದವನೂ ಒಳಗೆ ಕುಳಿತವನೂ ಸ್ವಿಚ್ಚಿನ ಸ್ಥಿತಿಯನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳಿಕೊಳ್ಳುತ್ತಿದ್ದುದು ಇದೇ ಭಯದಿಂದ. ಇಂದಿಗೂ ಚಾಲಕ ಹೊರಡುವ ಮುನ್ನ ಒಂದೊಂದೇ ಮ್ಯಾಗ್ನೆಟೊವನ್ನು ಆರಿಸಿ ನೋಡುತ್ತಾನೆ. ಆಗ ಎಂಜಿನಿನ ವೇಗ ಸ್ವಲ್ಪ ಇಳಿಯಬೇಕು. ಹೆಚ್ಚು ಇಳಿದರೆ ದೋಷ. ಸ್ವಲ್ಪವೂ ಇಳಿಯದಿದ್ದರೆ ಅದಕ್ಕಿಂತ ದೊಡ್ಡ ಅನುಮಾನ. ಏಕೆಂದರೆ ಆರಿಸಿದ್ದು ಆರಿಲ್ಲ ಎಂದು ಅದರ ಅರ್ಥ.

ಎಂಜಿನಿಗೆ ವಿದ್ಯುದ್ವ್ಯವಸ್ಥೆಯ ಹಂಗಿಲ್ಲವಾದರೆ ಆ ವ್ಯವಸ್ಥೆ ಇರುವುದಾದರೂ ಯಾತಕ್ಕೆ? ಚಾಲಕನ ಕಣ್ಣು, ಕಿವಿ, ಬಾಯಿಗಳಿಗಾಗಿ. ಎಂಜಿನನ್ನು ಚಾಲೂ ಮಾಡುವ ಸ್ಟಾರ್ಟರು, ರೇಡಿಯೊ, ದಾರಿ ತೋರುವ ಉಪಕರಣಗಳು, ರಾತ್ರಿಯ ದೀಪಗಳು, ವೇಗಮಾಪಕದ ನಳಿಗೆಯ ಮೇಲೆ ಹಿಮ ಕಟ್ಟದಂತೆ ಕಾಯಿಸುವ ಸಾಧನ, ಅನೇಕ ವಿಮಾನಗಳಲ್ಲಿ ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಬಾಗುವ ಫ್ಲ್ಯಾಪುಗಳು, ಇವೆಲ್ಲ ವಿದ್ಯುತ್ತಿನಿಂದ ನಡೆಯುವಂಥವು. ಹಗಲಿನ ನಿರ್ಮಲ ಆಕಾಶದಲ್ಲಿ ಇವು ಇಲ್ಲದಿದ್ದರೂ ಚಾಲಕ ಕ್ಷೇಮವಾಗಿ ಇಳಿದಾನು. ರಾತ್ರಿಯಲ್ಲಿ, ಮೋಡದೊಳಗೆ, ಎಂಜಿನು ಎಷ್ಟು ಚೆನ್ನಾಗಿ ಓಡುತ್ತಿದ್ದರೂ ಅವನು ಕಣ್ಣು ಕಟ್ಟಿದ ಕುದುರೆಯ ಸವಾರನಾಗುತ್ತಾನೆ.

ವಿದ್ಯುತ್ತನ್ನು ಒದಗಿಸುವವು ಎರಡು. ಎಂಜಿನು ತಿರುಗಿಸುವ ಆಲ್ಟರ್ನೇಟರು ದುಡಿಯುವವನು, ಬ್ಯಾಟರಿ ಕೂಡಿಟ್ಟವನು. ದುಡಿಯುವವನು ಮನೆಯ ಖರ್ಚನ್ನೆಲ್ಲ ನಡೆಸಿ, ಉಳಿದುದನ್ನು ಕೂಡಿಡುವವನ ಕೈಗೆ ಹಾಕುತ್ತಾನೆ. 24 ವೋಲ್ಟಿನ ಬ್ಯಾಟರಿಯಿರುವ ವಿಮಾನದಲ್ಲಿ ಆಲ್ಟರ್ನೇಟರು ಸುಮಾರು 28 ವೋಲ್ಟನ್ನು ಕೊಡುವುದು ಇದಕ್ಕಾಗಿಯೇ. ಒತ್ತಡ ಹೆಚ್ಚಿದ್ದರೆ ತಾನೆ ಬ್ಯಾಟರಿ ತುಂಬುವುದು? ಒಂದು ವಿಚಿತ್ರವೆಂದರೆ, ಆಲ್ಟರ್ನೇಟರು ಕೆಲಸ ಪ್ರಾರಂಭಿಸಲು ಅದರೊಳಗಿನ ಸುರುಳಿಗೆ ಮೊದಲು ಬ್ಯಾಟರಿಯಿಂದ ಒಂದಿಷ್ಟು ಪ್ರವಾಹ ಬೇಕು. ಪೂರ್ತಿ ಬರಿದಾದ ಬ್ಯಾಟರಿಯ ವಿಮಾನವನ್ನು ಪ್ರೊಪೆಲರು ಕೈಯಿಂದ ತಿರುಗಿಸಿ ಹೊರಡಿಸಿದರೆ ಎಂಜಿನು ಓಡೀತು, ಆದರೆ ಆಲ್ಟರ್ನೇಟರು ಏಳದೆಯೇ ಇರಬಹುದು. ‘ಹೇಗೂ ಎಂಜಿನು ಹತ್ತಿತಲ್ಲ, ದಾರಿಯಲ್ಲಿ ಬ್ಯಾಟರಿ ತುಂಬಿಕೊಳ್ಳುತ್ತದೆ’ ಎಂಬ ಲೆಕ್ಕಾಚಾರ ತಪ್ಪುವುದು ಇಲ್ಲಿ.

ದುಡಿಯುವವನು ಹಾಸಿಗೆ ಹಿಡಿದ ಸುದ್ದಿ ಮನೆಯವರಿಗೆ ಕೂಡಲೇ ತಿಳಿಯುವುದಿಲ್ಲ. ಕೂಡಿಟ್ಟ ಹಣದಲ್ಲಿ ಸಂಸಾರ ಎಂದಿನಂತೆಯೇ ಸಾಗುತ್ತಿರುತ್ತದೆ. ವಿಮಾನದಲ್ಲಿಯೂ ಹಾಗೆಯೇ. ಆಲ್ಟರ್ನೇಟರು ನಿಂತ ಕ್ಷಣದಲ್ಲಿ ಯಾವ ದೀಪವೂ ಆರುವುದಿಲ್ಲ, ಯಾವ ಸದ್ದೂ ಆಗುವುದಿಲ್ಲ. ಪ್ರವಾಹಮಾಪಕದ ಮುಳ್ಳು ಸೊನ್ನೆಯಿಂದ ಎಡಕ್ಕೆ ವಾಲುತ್ತದೆ. ಕೆಲವು ವಿಮಾನಗಳಲ್ಲಿ ಕಡಲೆಕಾಳಿನಷ್ಟು ದೊಡ್ಡ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತದೆ. ಅಪಾಯದ ಗಂಟೆ ಇಷ್ಟೇ. ಇದನ್ನು ಗಮನಿಸಿದವನಿಗೆ ಕಾಲವಿದೆ. ಗಮನಿಸದವನಿಗೆ ವಿಷಯ ತಿಳಿಯುವುದು ರೇಡಿಯೊ ಗೊರಗುಟ್ಟಿ ದೀಪಗಳು ಮಂಕಾದಾಗ. ಆ ಹೊತ್ತಿಗೆ ಕೂಡಿಟ್ಟದ್ದು ತೀರಿರುತ್ತದೆ.

ಎಷ್ಟು ಕಾಲವಿದೆ ಎಂಬುದು ಸರಳ ಗಣಿತ. ಬ್ಯಾಟರಿಯ ಸಾಮರ್ಥ್ಯ 12 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳೋಣ. ವಿಮಾನದ ಉಪಕರಣಗಳೆಲ್ಲ ಸೇರಿ 24 ಆಂಪಿಯರ್ ಎಳೆಯುತ್ತಿದ್ದರೆ ಕಾಗದದ ಲೆಕ್ಕಕ್ಕೆ ಅರ್ಧ ಗಂಟೆ. ಹಳೆಯದಾದ, ಪೂರ್ತಿ ತುಂಬಿರದ ಬ್ಯಾಟರಿಯಾದರೆ ಅದಕ್ಕಿಂತ ಬಹಳ ಕಡಿಮೆ. ಅದೇ ಹೊರೆಯನ್ನು 6 ಆಂಪಿಯರಿಗೆ ಇಳಿಸಿದರೆ ಅದೇ ಲೆಕ್ಕದಲ್ಲಿ ಎರಡು ಗಂಟೆ. ಹಳೆಯ ಮಾದರಿಯ 250 ವ್ಯಾಟಿನ ಇಳಿದಾಣ ದೀಪವೊಂದೇ 28 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ನುಂಗುತ್ತದೆಂದರೆ, ಬೇಡದ್ದನ್ನು ಆರಿಸುವುದರ ಬೆಲೆ ಅರ್ಥವಾದೀತು. ಆಲ್ಟರ್ನೇಟರು ನಿಂತ ಮೇಲೆ ಅತ್ಯಗತ್ಯವಾದ ಉಪಕರಣಗಳನ್ನು ಬ್ಯಾಟರಿ ಕನಿಷ್ಠ 30 ನಿಮಿಷವಾದರೂ ನಡೆಸಬೇಕೆಂಬ ನಿಯಮ 1990ರ ದಶಕದಲ್ಲಿ ಅಮೆರಿಕದ ವಿಮಾನ ನಿರ್ಮಾಣ ಸೂತ್ರಗಳಲ್ಲಿ ಸೇರಿತು. ಆ 30 ನಿಮಿಷ ಊರು ಮುಟ್ಟುವುದಕ್ಕಲ್ಲ, ಹತ್ತಿರದ ನೆಲವನ್ನು ಮುಟ್ಟುವುದಕ್ಕೆ.

ಹೀಗಾಗಿ ಬಲ್ಲ ಚಾಲಕ ಮಾಡುವ ಕೆಲಸದ ಕ್ರಮ ಇದು. ಆಲ್ಟರ್ನೇಟರಿನ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿ ನೋಡುತ್ತಾನೆ. ಒತ್ತಡ ಗಳಿಗೆಯ ಮಟ್ಟಿಗೆ ಏರಿದಾಗ ರಕ್ಷಕ ಸಾಧನವೇ ಅದನ್ನು ನಿಲ್ಲಿಸಿರಬಹುದು, ಹಾಗಿದ್ದರೆ ಅದು ಮತ್ತೆ ಏಳುತ್ತದೆ. ಏಳದಿದ್ದರೆ ಎರಡನೆಯ ಸಲ ಕೆಣಕುವುದಿಲ್ಲ. ಬೇಡದ ಉಪಕರಣಗಳನ್ನೆಲ್ಲ ಆರಿಸುತ್ತಾನೆ. ರೇಡಿಯೊ ಬದುಕಿರುವಾಗಲೇ ನೆಲದವರಿಗೆ ತನ್ನ ಸ್ಥಿತಿಯನ್ನು ತಿಳಿಸುತ್ತಾನೆ. ರೇಡಿಯೊ ಕೆಟ್ಟಿದೆ ಎಂದು ನೆಲದ ರೇಡಾರಿಗೆ ಸಾರುವ 7600 ಎಂಬ ಸಂಕೇತ ಜಗತ್ತಿನಾದ್ಯಂತ ಒಂದೇ. ಆದರೆ ಅದನ್ನು ಕಳುಹಿಸುವ ಪೆಟ್ಟಿಗೆಗೂ ವಿದ್ಯುತ್ತು ಬೇಕೆಂಬುದನ್ನು ಮರೆಯಬಾರದು. ಎಲ್ಲವೂ ನಿಂತ ಮೇಲೆ ಉಳಿಯುವ ಭಾಷೆ ಬೆಳಕು. ನಿಯಂತ್ರಣ ಗೋಪುರದಿಂದ ವಿಮಾನದತ್ತ ಹಿಡಿದ ಸ್ಥಿರವಾದ ಹಸಿರು ಬೆಳಕು ಇಳಿಯಲು ಅಪ್ಪಣೆ. ಸ್ಥಿರವಾದ ಕೆಂಪು ಬೆಳಕು, ಇನ್ನೊಂದು ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರು ಎಂಬ ಸೂಚನೆ.

ಮೋಡದೊಳಗಿನ ಚಾಲಕನಿಗಾಗಿ ಇನ್ನೊಂದು ಹಳೆಯ ಜಾಣ್ಮೆಯ ಏರ್ಪಾಡಿದೆ. ಹೊರಗಿನ ದಿಗಂತ ಕಾಣದಾಗ, ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂದು ಹೇಳುವ ಉಪಕರಣಗಳೊಳಗೆ ಬುಗುರಿಯಂತೆ ತಿರುಗುವ ಚಕ್ರಗಳಿರುತ್ತವೆ. ಸಾಂಪ್ರದಾಯಿಕ ವಿಮಾನಗಳಲ್ಲಿ ಈ ಬುಗುರಿಗಳನ್ನೆಲ್ಲ ಒಂದೇ ಶಕ್ತಿಯಿಂದ ತಿರುಗಿಸುವುದಿಲ್ಲ. ಕೃತಕ ದಿಗಂತವನ್ನು ತೋರುವ ಬುಗುರಿಯನ್ನು ಎಂಜಿನಿಗೆ ಜೋಡಿಸಿದ ಪಂಪು ಗಾಳಿಯ ಸೆಳೆತದಿಂದ ತಿರುಗಿಸುತ್ತದೆ. ತಿರುವನ್ನು ತೋರುವ ಬುಗುರಿಯನ್ನು ವಿದ್ಯುತ್ತು ತಿರುಗಿಸುತ್ತದೆ. ಒಂದು ಕುರುಡಾದರೆ ಇನ್ನೊಂದು ಕೈಹಿಡಿಯುತ್ತದೆ. ಎತ್ತರಮಾಪಕ, ವೇಗಮಾಪಕಗಳಿಗೆ ಗಾಳಿಯ ಒತ್ತಡವೊಂದಿದ್ದರೆ ಸಾಕು. ದಿಕ್ಸೂಚಿಗೆ ಭೂಮಿಯ ಕಾಂತಶಕ್ತಿಯೇ ಸಾಕು. ಎಲ್ಲವನ್ನೂ ಒಂದೇ ಹಗ್ಗದಲ್ಲಿ ನೇತುಹಾಕಬಾರದೆಂಬ ವಿವೇಕ ಇದರ ಹಿಂದಿದೆ.

ಇದುವರೆಗೆ ವಿದ್ಯುತ್ತು ಇಲ್ಲದೆ ಹೋಗುವ ಕಷ್ಟವನ್ನು ನೋಡಿದೆವು. ಇದಕ್ಕಿಂತ ಘೋರವಾದದ್ದು, ವಿದ್ಯುತ್ತು ಇರಬಾರದ ಕಡೆ ಇರುವುದು. ನೂರಾರು ಗಂಟೆಗಳ ಕಾಲ ನಡುಗುವ ವಿಮಾನದಲ್ಲಿ ತಂತಿಯೊಂದು ಲೋಹದ ಅಂಚಿಗೆ ಉಜ್ಜಿ ಉಜ್ಜಿ ಮೈಹೊದಿಕೆಯನ್ನು ಕಳೆದುಕೊಳ್ಳುತ್ತದೆ. ಲೋಹದ ವಿಮಾನದಲ್ಲಿ ಪ್ರವಾಹ ಹಿಂದಿರುಗಲು ಒಡಲೇ ದಾರಿಯಾದ್ದರಿಂದ, ಬೆತ್ತಲೆ ತಂತಿ ಎಲ್ಲಿ ತಗುಲಿದರೂ ಅಲ್ಲಿ ಅಡ್ಡದಾರಿ ತೆರೆಯುತ್ತದೆ. ತಂತಿ ಕೆಂಪಗೆ ಕಾಯುತ್ತದೆ. ಇದನ್ನು ತಡೆಯಲೆಂದು ಪ್ರತಿಯೊಂದು ತಂತಿಗೂ ಒಂದು ಫ್ಯೂಸೋ ಸರ್ಕಿಟ್ ಬ್ರೇಕರೋ ಕಾವಲಿರುತ್ತದೆ. ಪ್ರವಾಹ ಮಿತಿಮೀರಿದರೆ ಬ್ರೇಕರಿನ ಗುಂಡಿ ಹೊರಕ್ಕೆ ನೆಗೆದು ಹಾದಿಯನ್ನು ಕಡಿಯುತ್ತದೆ.

ಬ್ರೇಕರು ಕಾಯುವುದು ಉಪಕರಣವನ್ನೆಂದು ನಾವು ಭಾವಿಸುವುದುಂಟು. ಅದು ಕಾಯುವುದು ತಂತಿಯನ್ನು. ನಮ್ಮ ಮನೆಗಳಲ್ಲಿ ಪಿಂಗಾಣಿಯ ಫ್ಯೂಸುಗಳಿದ್ದ ಕಾಲವನ್ನು ನೆನೆಯಿರಿ. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ತಂತಿಯ ಎರಡು ಎಳೆಗಳನ್ನು ಹುರಿಮಾಡಿ ಕಟ್ಟಿ, ‘ಈಗ ಹೋಗಲಿ ನೋಡೋಣ’ ಎಂದು ಬೀಗುತ್ತಿದ್ದವರು ಎಷ್ಟು ಮಂದಿ! ಫ್ಯೂಸು ಹೋಗುತ್ತಿರಲಿಲ್ಲ, ನಿಜ; ಗೋಡೆಯೊಳಗಿನ ತಂತಿ ಬೇಯುತ್ತಿತ್ತು. ನೆಗೆದ ಗುಂಡಿಯನ್ನು ಆಕಾಶದಲ್ಲಿ ಮತ್ತೆ ಒತ್ತುವುದು ಇದೇ ಜಾತಿಯ ಸಾಹಸ.

ಅದರ ಫಲ ಏನಾಗಬಹುದೆಂಬುದಕ್ಕೆ 2007ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ದುರಂತ ಸಾಕ್ಷಿ. ಅದು ಎರಡು ಎಂಜಿನುಗಳ ಹಗುರ ವಿಮಾನ, ಸೆಸ್ನಾ 310. ಜುಲೈ 9ರಂದು ಅದನ್ನು ಹಾರಿಸುತ್ತಿದ್ದ ಚಾಲಕನಿಗೆ ಸುಟ್ಟ ವಾಸನೆ ಬಂತು. ಹವಾಮಾನ ರೇಡಾರು ಕೆಲಸ ನಿಲ್ಲಿಸಿತ್ತು. ಆತ ರೇಡಾರನ್ನು ಆರಿಸಿ, ಅದರ ಬ್ರೇಕರಿನ ಗುಂಡಿಯನ್ನು ಕೈಯಿಂದ ಎಳೆದಿಟ್ಟ. ವಾಸನೆ ಹೋಯಿತು. ಇಳಿದ ಮೇಲೆ ದೋಷವನ್ನು ಕಾಗದದಲ್ಲಿ ಬರೆದೂ ಇಟ್ಟ. ಆತ ಮಾಡಿದ್ದೆಲ್ಲ ಸರಿ. ಆದರೆ ಮರುದಿನ ಬೆಳಿಗ್ಗೆ ದುರಸ್ತಿಯಾಗದೆಯೇ ವಿಮಾನ ಬೇರೆ ಇಬ್ಬರು ಚಾಲಕರೊಡನೆ ಡೇಟೋನಾ ಬೀಚಿನಿಂದ ಹೊರಟಿತು. ಕೆಲವೇ ನಿಮಿಷಗಳಲ್ಲಿ ಒಳಗೆಲ್ಲ ಹೊಗೆ. ಹತ್ತಿರದ ಸ್ಯಾನ್‌ಫರ್ಡ್ ನಿಲ್ದಾಣದತ್ತ ತಿರುಗಿದರೂ ಅದು ಅಲ್ಲಿಗೆ ತಲಪಲಿಲ್ಲ. ಜನವಸತಿಯ ಮೇಲೆ ಬಿತ್ತು. ವಿಮಾನದಲ್ಲಿದ್ದ ಇಬ್ಬರೂ, ತಮ್ಮ ಪಾಡಿಗೆ ತಾವು ನೆಲದ ಮೇಲಿದ್ದ ಮೂವರೂ ಸತ್ತರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿತು. ಎಳೆದಿಟ್ಟಿದ್ದ ಗುಂಡಿಯನ್ನು ಯಾರೋ ಮತ್ತೆ ಒತ್ತಿದ್ದರಿಂದ ಕೆಟ್ಟ ತಂತಿಗೆ ಪ್ರವಾಹ ಹರಿದು ಬೆಂಕಿ ಹುಟ್ಟಿರಬೇಕೆಂದು ಅದು ತರ್ಕಿಸಿತು. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಹೊರಡುವ ಮುನ್ನ ಗುಂಡಿಗಳೆಲ್ಲ ಒಳಗಿವೆಯೇ ಎಂದು ನೋಡುವುದು ಚಾಲಕರಿಗೆ ಕಲಿಸಿದ ಪಾಠವೇ. ಹೊರಗಿದ್ದ ಒಂದು ಗುಂಡಿಯನ್ನು ಬೆರಳು ಅಭ್ಯಾಸಬಲದಿಂದ ಒತ್ತಿಬಿಡಬಹುದು. ಮಂಡಳಿ ಬೆರಳು ಮಾಡಿದ್ದು ಆ ಬೆರಳಿಗಲ್ಲ. ಗೊತ್ತಿದ್ದ ದೋಷವನ್ನು ಸರಿಪಡಿಸದೆ ವಿಮಾನವನ್ನು ಹಾರಲು ಬಿಟ್ಟವರ ನಿರ್ಧಾರವನ್ನೂ, ಹಾರಲು ಒಪ್ಪಿದವರ ನಿರ್ಧಾರವನ್ನೂ ಅದು ದುರಂತದ ಕಾರಣವೆಂದು ಹೇಳಿತು. ಉಗುರಿನಿಂದ ಹೋಗಬಹುದಾಗಿದ್ದುದಕ್ಕೆ ಕೊಡಲಿ ಬೇಕಾಯಿತು. ಆ ಬಳಿಕ ಅಮೆರಿಕದ ವಿಮಾನಯಾನ ಆಡಳಿತ, ಅತ್ಯಗತ್ಯವಲ್ಲದ ಉಪಕರಣದ ಬ್ರೇಕರನ್ನು ಹಾರಾಟದಲ್ಲಿ ಮತ್ತೆ ಒತ್ತಬೇಡಿ ಎಂದು ಚಾಲಕರಿಗೆ ತಿಳಿಹೇಳಿತು. ಎಳೆದಿಟ್ಟ ಗುಂಡಿಗೆ ಪಟ್ಟಿ ತೊಡಿಸಿ ಚೀಟಿ ಕಟ್ಟುವ ಪದ್ಧತಿ ಏಕೆ ಬೇಕೆಂಬುದೂ ಇಲ್ಲಿ ತಿಳಿಯುತ್ತದೆ. ಕಾಗದ ಓದಿದವನಿಗೆ ಮಾತ್ರ ಹೇಳುತ್ತದೆ. ಚೀಟಿ ಬೆರಳಿಗೇ ಅಡ್ಡ ನಿಲ್ಲುತ್ತದೆ.

ಸುಟ್ಟ ವಾಸನೆ ಬಂದರೆ ಚಾಲಕನ ಮೊದಲ ಕೆಲಸ, ಮುಖ್ಯ ಸ್ವಿಚ್ಚನ್ನೇ ಆರಿಸಿಬಿಡುವುದು. ಬೆಂಕಿಗೆ ಉಣಿಸು ಹಾಕುತ್ತಿರುವುದು ಪ್ರವಾಹವಾದ್ದರಿಂದ ಅದನ್ನು ಕಡಿದರೆ ಬೆಂಕಿ ಹಲವು ಸಲ ತಾನೇ ಸೊರಗುತ್ತದೆ. ಹಾರುತ್ತಿರುವ ವಿಮಾನದ ವಿದ್ಯುತ್ತನ್ನೆಲ್ಲ ಒಂದೇ ಏಟಿಗೆ ಆರಿಸುವ ಧೈರ್ಯ ಮನುಷ್ಯನಿಗೆ ಬರುವುದು, ಎಂಜಿನಿನ ಕಿಡಿ ಬೇರೆ ಕಡೆಯಿಂದ ಬರುತ್ತಿದೆ ಎಂಬ ಭರವಸೆ ಇದ್ದುದರಿಂದ. ಮೊದಲು ಹೇಳಿದ ಮ್ಯಾಗ್ನೆಟೊವಿನ ನಿಜವಾದ ಉಪಕಾರ ಇಲ್ಲಿ ಕಾಣುತ್ತದೆ.

ಹಾಗಾದರೆ ಕಂಪ್ಯೂಟರಿನ ಈ ಯುಗದಲ್ಲಿ ಈ ತತ್ತ್ವ ಉಳಿದಿದೆಯೆ? ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ ರೂಪಿಸಿದ, 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಹಂಸ-ಎನ್.ಜಿ. ತರಬೇತಿ ವಿಮಾನವನ್ನೇ ನೋಡಬಹುದು. ಅದರ ರೋಟ್ಯಾಕ್ಸ್ 912 ಐಎಸ್ ಎಂಜಿನಿನಲ್ಲಿ ಮ್ಯಾಗ್ನೆಟೊ ಇಲ್ಲ. ಕಿಡಿ ಯಾವಾಗ ಹಾರಬೇಕು, ಇಂಧನ ಎಷ್ಟು ಚಿಮ್ಮಬೇಕು ಎಂಬುದನ್ನು ವಿದ್ಯುನ್ಮಾನ ಮಿದುಳು ನಿರ್ಧರಿಸುತ್ತದೆ. ಇಂಧನದ ಪಂಪುಗಳು ಕೂಡ ವಿದ್ಯುತ್ತಿನವು. ಇಲ್ಲಿ ವಿದ್ಯುತ್ತಿಲ್ಲದೆ ಎಂಜಿನಿಲ್ಲ. ಹಳೆಯ ಭರವಸೆ ಹೋಯಿತೆಂದು ಕಳವಳಪಡುವ ಮುನ್ನ ಅದರ ಒಳಗನ್ನು ನೋಡಬೇಕು. ಎಂಜಿನಿನೊಳಗೇ ಎರಡು ಜನರೇಟರುಗಳಿವೆ. ಒಂದು ಎಂಜಿನಿಗೇ ಮೀಸಲು. ಇನ್ನೊಂದು ವಿಮಾನದ ಉಳಿದ ಅಗತ್ಯಗಳಿಗೆ. ಮೊದಲನೆಯದು ಕೆಟ್ಟರೆ ಎರಡನೆಯದು ಉಳಿದುದನ್ನು ಬ್ಯಾಟರಿಗೆ ಬಿಟ್ಟು ಎಂಜಿನಿನ ಸೇವೆಗೆ ಬರುತ್ತದೆ. ವಿದ್ಯುನ್ಮಾನ ಮಿದುಳಿಗೂ ಎರಡು ಸ್ವತಂತ್ರ ಹಾದಿಗಳು. ಅಯಸ್ಕಾಂತದ ಜಾಗದಲ್ಲಿ ಕಂಪ್ಯೂಟರು ಬಂದಿದೆ. ಎಂಜಿನಿನ ಜೀವ ದೀಪದ ತಂತಿಗೆ ಜೋತುಬೀಳಬಾರದೆಂಬ ಹಟ ಹಾಗೆಯೇ ಉಳಿದಿದೆ. ಬದಲಾದದ್ದು ಚಾಲಕನ ಹೊಣೆ. ಮೊದಲು ‘ಎಂಜಿನಿಗೆ ವಿದ್ಯುತ್ತು ಬೇಡ’ ಎಂಬ ಒಂದು ವಾಕ್ಯ ತಿಳಿದಿದ್ದರೆ ಸಾಕಾಗಿತ್ತು. ಈಗ ತನ್ನ ವಿಮಾನದಲ್ಲಿ ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬ ವಂಶವೃಕ್ಷವನ್ನೇ ಆತ ಬಲ್ಲವನಾಗಿರಬೇಕು.

ರೈಟ್ ಸೋದರರು ಬ್ಯಾಟರಿಯನ್ನು ನೆಲದ ಮೇಲಿಟ್ಟು ಹಾರಿದರು. ನಾವು ಅದನ್ನು ಜೊತೆಯಲ್ಲಿ ಒಯ್ಯುತ್ತೇವೆ. ಅದರಿಂದ ರಾತ್ರಿಯಲ್ಲಿ ಕಣ್ಣು ಪಡೆದಿದ್ದೇವೆ, ದೂರದವರೊಡನೆ ಮಾತು ಪಡೆದಿದ್ದೇವೆ. ಪಡೆದದ್ದು ದೊಡ್ಡದು. ಆದರೆ ಎಡಕ್ಕೆ ವಾಲಿದ ಒಂದು ಮುಳ್ಳು, ಹೊರಕ್ಕೆ ನೆಗೆದ ಒಂದು ಗುಂಡಿ, ಗಳಿಗೆಯ ಮಟ್ಟಿಗೆ ಬಂದುಹೋದ ಒಂದು ವಾಸನೆ, ಇವು ಹೇಳುವ ಮಾತನ್ನು ನೆಲದ ಮೇಲಿರುವಾಗಲೇ ಕೇಳಿಸಿಕೊಳ್ಳಬೇಕು. ನೆಲದ ಮೇಲೆ ಕಾಯುವುದಕ್ಕೆ ನಮಗೆ ಜಾಗವಿದೆ. ಎದುರು ಮನೆ ಇರುವುದೂ ಅಲ್ಲಿಯೇ.

(ಬಾನುಲಿ ಭಾಷಣ)